ಭುಜದ ಕೇಸಿಗೆ ಹಿಡಿದ ವಕೀಲರು: 5ಕ್ಕೆ 4 ಅಂಕ

ನ್ಯೂಜೆರ್ಸಿಯಲ್ಲಿ, ನಮ್ಮ ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡೆ. ಸೂಜಿಯನ್ನು ತೀರಾ ಮೇಲೆ, ಭುಜದ ಕೀಲಿನ ಹತ್ತಿರ ಚುಚ್ಚಿದರು. ಅವತ್ತು ರಾತ್ರಿಯೇ ನೋವು ಶುರುವಾಯಿತು. ತಿಂಗಳು ಕಳೆದರೂ ಮೇಲಿನ ಕಪಾಟಿನ ಅವಲಕ್ಕಿ ಡಬ್ಬಿಗೆ ಎಡಗೈ ಏರುತ್ತಿರಲಿಲ್ಲ. ಮಗಳಿಗೆ ಜಡೆ ಹಾಕುವ ಕೆಲಸ ಗಂಡನ ಪಾಲಿಗೆ ಬಂತು. ಆ ವರ್ಷದ ಅವಳ ಸ್ಕೂಲ್ ಫೋಟೋ ನೋಡಿದರೆ ಸಾಕು, ಗೊತ್ತಾಗುತ್ತದೆ.

ಎಂಟು ತಿಂಗಳು ಫಿಸಿಯೋಥೆರಪಿ ಮಾಡಿಸಿದ ಮೇಲೆ ಈ ವಕೀಲರ ಹತ್ತಿರ ಹೋದೆ. ಅಂಗಡಿ ಮೇಲೆ ಕೇಸ್ ಹಾಕುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಲಸಿಕೆಯಿಂದ ತೊಂದರೆಯಾದವರಿಗೆ ಅಂತಲೇ ಇರುವ 1986ರ ಕಾಯ್ದೆ ಪ್ರಕಾರ ಅರ್ಜಿ ಹೋಗುವುದು ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ. ಎದುರು ಪಾರ್ಟಿ ಅಮೆರಿಕದ ಆರೋಗ್ಯ ಇಲಾಖೆ. ಪರಿಹಾರ ಕೊಡುವುದು ಒಂದು ನಿಧಿಯಿಂದ, ಫ್ಲೂ ಲಸಿಕೆಯ ಪ್ರತಿ ಡೋಸಿಗೂ 75 ಸೆಂಟ್ ತೆರಿಗೆ ಅದಕ್ಕೆ ಸೇರುತ್ತದೆ. ನೋವು ಶುರುವಾದ 3 ವರ್ಷದೊಳಗೆ ಅರ್ಜಿ ಹಾಕಬೇಕು. ಕೋವಿಡ್ ಲಸಿಕೆಗೆ ಬೇರೆಯೇ ದಾರಿ, ಅಲ್ಲಿ 1 ವರ್ಷ ಮಾತ್ರ.

ಭುಜದ ಕೇಸಿನಲ್ಲಿ ನೋವು 48 ಗಂಟೆಯೊಳಗೆ ಬಂದಿರಬೇಕು, 6 ತಿಂಗಳಿಗಿಂತ ಜಾಸ್ತಿ ಉಳಿದಿರಬೇಕು. ನನ್ನ ಕಷ್ಟ ಇದ್ದದ್ದು ಇಲ್ಲೇ. ನಾನು ಡಾಕ್ಟರ ಹತ್ತಿರ ಹೋಗಿದ್ದೇ ಐದು ವಾರ ಬಿಟ್ಟು. ವಕೀಲರ ಆಫೀಸಿನ ಹುಡುಗಿ ಬಿಡಲಿಲ್ಲ. ‘ಅವತ್ತು ಯಾರಿಗಾದರೂ ಹೇಳಿದ್ದಿರಾ?’ ಅಂತ ಕೇಳಿದಳು. ಹುಡುಕಿದರೆ, ಮೈಸೂರಿನ ತಂಗಿಗೆ ಮಾರನೆಯ ದಿನವೇ ಕಳಿಸಿದ್ದ ವಾಟ್ಸಾಪ್ ಸಿಕ್ಕಿತು: ‘ಕೈ ಎತ್ತೋಕೇ ಆಗ್ತಿಲ್ಲ ಕಣೇ.’ ಅದನ್ನು ಇಂಗ್ಲಿಷ್ ಮಾಡಿಸಿ ಕೋರ್ಟಿಗೆ ಕೊಟ್ಟರು. ‘ಕಣೇ’ ಅಂದರೇನು ಅಂತ ಪಾಪ ಎರಡು ಸಲ ಫೋನ್ ಮಾಡಿದ್ದಳು!

ಫೀಸು ನನ್ನ ಪರಿಹಾರದಿಂದ ಒಂದು ಡಾಲರೂ ಮುರಿಯಲಿಲ್ಲ. ಅದನ್ನು ಕೋರ್ಟೇ ಬೇರೆಯಾಗಿ ಮಂಜೂರು ಮಾಡುತ್ತದೆ. ಕೇಸ್ ಸೋತರೂ, ಅರ್ಜಿಗೆ ತಕ್ಕ ಆಧಾರ ಇದ್ದರೆ ವಕೀಲರ ಫೀಸು ಕೊಡಬಹುದು.

ಒಂದು ಅಂಕ ಕಿತ್ತುಕೊಂಡಿದ್ದು ಯಾಕೆ ಅಂದರೆ, ತೀರ್ಪು ಕೋರ್ಟಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ ಅಂತ ಇವರು ಮೊದಲೇ ಹೇಳಲಿಲ್ಲ. ಎಷ್ಟು ದುಡ್ಡು ಬಂತು ಅಂತ ನಮ್ಮ ಭಾವನಿಗೆ ನನಗಿಂತ ಮೊದಲೇ ಗೊತ್ತಿದ್ದ ಹಾಗಿತ್ತು. ಜೊತೆಗೆ, ನಡುವೆ ನಾಲ್ಕು ತಿಂಗಳು ಫೋನೂ ಇಲ್ಲ, ಇಮೇಲೂ ಇಲ್ಲ. ಎರಡೂವರೆ ವರ್ಷ ಎಳೆಯುವ ಕೇಸಿನಲ್ಲಿ ಸುಮ್ನೆ ಒಂದು ಸಾಲು ಬರೆದರೆ ಇವರ ಗಂಟೇನು ಹೋಗುತ್ತಿತ್ತು?

ಈ ವರ್ಷವೂ ಫ್ಲೂ ಲಸಿಕೆ ಹಾಕಿಸಿಕೊಂಡೆ. ಬಲಗೈಗೆ. ಎಲ್ಲಿ ಚುಚ್ಚಬೇಕು ಅಂತ ನಾನೇ ಬೆರಳಿಟ್ಟು ತೋರಿಸಿದೆ.