ಗ್ರೇಟ್ ಓಷನ್ ರೋಡ್‌ಗೆ ಎಂಟು ಸೀಟಿನ ಬಾಡಿಗೆ ಗಾಡಿ ತಗೊಂಡು ಹೋಗಿದ್ವಿ, ಹೇಗಿತ್ತು ಅಂದ್ರೆ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ, ಸಮುದ್ರದ ಅಂಚಲ್ಲೇ ಸಾಗೋ ಗ್ರೇಟ್ ಓಷನ್ ರೋಡ್‌ಗೆ ಎರಡು ಚಿಕ್ಕ ಕಾರಲ್ಲಿ ಹೋಗೋದಾ ಒಂದೇ ದೊಡ್ಡ ಗಾಡೀಲಿ ಹೋಗೋದಾ ಅಂತ ನಮ್ಮ ಗ್ಯಾಂಗಲ್ಲಿ ಭಾರಿ ಚರ್ಚೆ ಆಯ್ತು, ಕೊನೆಗೆ ಕಿಯಾ ಕಾರ್ನಿವಲ್ ಬಾಡಿಗೆಗೆ ತಗೊಂಡ್ವಿ, ಯಾರಾದ್ರೂ ಕೇಳಿದ್ರೆ ಕಣ್ಣು ಮುಚ್ಕೊಂಡು ಇದನ್ನೇ ಹೇಳ್ತೀನಿ. ಫ್ರೆಂಡ್ಸ್ ಟ್ರಿಪ್ ಅಂದ್ಮೇಲೆ ಎಲ್ಲರೂ ಒಂದೇ ಗಾಡೀಲಿ ಇರ್ಬೇಕು. ಎರಡು ಕಾರಾದ್ರೆ "ಎಲ್ಲಿದೀರೋ, ಯಾವ ವ್ಯೂ ಪಾಯಿಂಟಲ್ಲಿ ನಿಲ್ಸಿದೀರಾ" ಅಂತ ಫೋನ್ ಮಾಡೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಅಪೋಲೋ ಬೇ ಊರು ದಾಟಿ ಕಾಡಿನ ರೋಡಿಗೆ ಬಿದ್ರೆ ನೆಟ್‌ವರ್ಕೂ ನೆಟ್ಟಗೆ ಸಿಗಲ್ಲ.

ಗಾಡಿ ಬಗ್ಗೆ ಮೊದಲು ಹೇಳ್ತೀನಿ. ಎರಡೂ ಕಡೆ ಸ್ಲೈಡಿಂಗ್ ಡೋರ್ ಇರೋದು ದೊಡ್ಡ ಅನುಕೂಲ, ವ್ಯೂ ಪಾಯಿಂಟಲ್ಲಿ ಸಮುದ್ರದ ಗಾಳಿ ಮಾಮೂಲಿ ಡೋರನ್ನ ಕೈಯಿಂದ ಕಿತ್ಕೊಳ್ಳೋ ಹಾಗೆ ಬೀಸ್ತಿರುತ್ತೆ, ಪಕ್ಕದ ಕಾರಿಗೆ ಬಡಿಯೋ ಭಯ ಇಲ್ಲ. ಡಿಕ್ಕಿ ಆಳವಾಗಿದೆ, ಆದ್ರೆ ಎಂಟೂ ಸೀಟು ತುಂಬಿದ್ರೆ ಎಂಟು ದೊಡ್ಡ ಸೂಟ್‌ಕೇಸ್ ಹಿಡಿಯಲ್ಲ, ಮೆತ್ತನೆ ಬ್ಯಾಗ್ ತನ್ನಿ. ಹಿಂದಿನ ಸಾಲು ಉದ್ದ ಕಾಲಿನವರಿಗೆ ಕಷ್ಟ. ಲಾರ್ನ್‌ನಿಂದ ಅಪೋಲೋ ಬೇವರೆಗೂ ಒಂದು ಕಡೆ ಬಂಡೆ ಒಂದು ಕಡೆ ಸಮುದ್ರ, ತಿರುವಿನ ಮೇಲೆ ತಿರುವು, ವಾಂತಿ ಬರೋರನ್ನ ಮಾತ್ರ ಹಿಂದೆ ಕೂರಿಸ್ಬೇಡಿ.

ರೋಡಿನ ಪೂರ್ವದ ತುದೀಲಿರೋ ಟಾರ್ಕಿ ಊರಿನ ಕಡೆಯಿಂದನೇ ಶುರು ಮಾಡಿ. ಅಲ್ಲೂ ನಮ್ಮ ಥರ ಎಡಗಡೆ ಡ್ರೈವಿಂಗು, ಪಶ್ಚಿಮಕ್ಕೆ ಹೋಗ್ತಿದ್ರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತೆ, ಸಮುದ್ರದ ಕಡೆ ಗಾಡಿ ನಿಲ್ಸೋ ಜಾಗಕ್ಕೆ ಎದುರು ಬರೋ ಗಾಡಿಗಳನ್ನ ದಾಟದೇನೇ ಹೋಗ್ಬಹುದು. ಎಡಗಡೆ ಕಿಟಕಿ ಸೀಟಿಗೆ ಡಿಮ್ಯಾಂಡು, ನಾವು ಪ್ರತಿ ಸ್ಟಾಪಲ್ಲೂ ಸೀಟ್ ಬದಲಾಯಿಸ್ತಿದ್ವಿ. ಟೂರಿಸ್ಟಾಗಿ ಹೋದವರಿಗೆ ಇಂಗ್ಲಿಷಲ್ಲಿರೋ ನಮ್ಮೂರ ಲೈಸೆನ್ಸೇ ಈ ರೋಡಿರೋ ವಿಕ್ಟೋರಿಯಾ ರಾಜ್ಯದಲ್ಲಿ ನಡೆಯುತ್ತೆ. ಹಿಂದೆ ಗಾಡಿ ಸಾಲುಗಟ್ಟಿದ್ರೆ ಸ್ಲೋ ವೆಹಿಕಲ್‌ಗಳಿಗೆ ಅಂತ ಬಿಟ್ಟಿರೋ ಜಾಗದಲ್ಲಿ ಪಕ್ಕಕ್ಕೆ ತಗೊಂಡು ದಾರಿ ಬಿಡಿ.

ರೋಡು ಒಟ್ಟು 243 ಕಿ.ಮೀ. ಅಷ್ಟೇ, ಟೋಲೂ ಇಲ್ಲ, ಅದಕ್ಕೇ ತುಂಬಾ ಜನ ಒಂದೇ ದಿನದಲ್ಲಿ ಹೋಗಿ ಬಂದ್ಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಮೊದಲನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಿಂದ 1932ರವರೆಗೆ ಪಿಕಾಸಿ ಸಲಿಕೆ ಹಿಡ್ಕೊಂಡು, ಸತ್ತ ಜೊತೆಗಾರರ ನೆನಪಿಗೆ ಕಡಿದ ರೋಡ್ ಇದು. ಈಸ್ಟರ್ನ್ ವ್ಯೂನಲ್ಲಿರೋ ಮರದ ಕಮಾನಿನ ಹತ್ರ ಇಳಿದು ಇದನ್ನ ಓದಿದ್ಮೇಲೆ ಮುಂದಿನ ಪ್ರತಿ ತಿರುವನ್ನೂ ನಾವು ಬೇರೆ ಥರ ನೋಡಿದ್ವಿ.

ಸಮುದ್ರದಲ್ಲಿ ಕಂಬದ ಥರ ನಿಂತಿರೋ ಬಂಡೆಗಳು, ಟ್ವೆಲ್ವ್ ಅಪೋಸಲ್ಸ್, ಚೆನ್ನಾಗಿದೆ, ಜನ ಜಾಸ್ತಿ. ನನಗೆ ಹಿಡಿಸಿದ್ದು ಪಕ್ಕದ ಲಾಕ್ ಆರ್ಡ್ ಗಾರ್ಜ್. ಮೆಟ್ಟಿಲಿಳಿದು ಮರಳಿಗೆ ಹೋದ್ರೆ ಎರಡೂ ಕಡೆ ಹಳದಿ ಸುಣ್ಣಕಲ್ಲಿನ ಗೋಡೆ, ನಡುವಿನ ಸಂದಿಯಿಂದ ಅಲೆ ನುಗ್ಗಿ ಬಂದು ಕಾಲ ಹತ್ರ ತಣ್ಣಗಾಗುತ್ತೆ. 1878ರಲ್ಲಿ ಇಲ್ಲಿ ಒಡೆದ ಲಾಕ್ ಆರ್ಡ್ ಹಡಗಲ್ಲಿದ್ದ 54 ಜನರಲ್ಲಿ ಬದುಕಿದ್ದು ಇಬ್ಬರೇ, ಒಬ್ಬ ಹುಡುಗ ಒಬ್ಬಳು ಹುಡುಗಿ, ಆ ಹುಡುಗ ಇದೇ ನೀರಿಗೆ ಮತ್ತೆ ಇಳಿದು ಅವಳನ್ನ ದಡಕ್ಕೆ ತಂದ. ಅಲ್ಲಿ ನಿಂತು ಆ ನೀರು ನೋಡಿದ್ರೆ ಎಂಥ ಧೈರ್ಯ ಅಂತ ಗೊತ್ತಾಗುತ್ತೆ. ಮುಂದೆ ಲಂಡನ್ ಆರ್ಚ್, ದಡಕ್ಕೆ ಸೇರ್ಕೊಂಡಿದ್ದ ಬಂಡೆಯ ಕಮಾನು 1990ರಲ್ಲಿ ಕುಸಿದು ಆ ಕಡೆ ಸಿಕ್ಕಾಕೊಂಡ ಇಬ್ಬರನ್ನ ಹೆಲಿಕಾಪ್ಟರಲ್ಲಿ ಕರ್ಕೊಂಡು ಬಂದ್ರಂತೆ.

ಈಗ ಬಾಡಿಗೆ ಕಂಪನಿ ವಿಷಯ, ಹೆಸರು ಬೇಡ. ಗಾಡಿ ಕ್ಲೀನಾಗಿತ್ತು, ಟೈರ್ ಚೆನ್ನಾಗಿತ್ತು. ಆದ್ರೆ ಕೌಂಟರಲ್ಲಿ ಆ ಇನ್ಶೂರೆನ್ಸ್ ಈ ಇನ್ಶೂರೆನ್ಸ್ ಅಂತ ತಲೆ ತಿಂದ್ರು, ವಾಪಸ್ ಕೊಡುವಾಗ ಹಿಂದಿನ ಎಡಗಡೆ ರಿಮ್ಮಲ್ಲಿದ್ದ ಹಳೇ ಗೀರು ತೋರಿಸಿ ದುಡ್ಡು ಕೇಳಿದ್ರು. ತಗೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿದ್ವಿ, ತೋರಿಸಿದ ತಕ್ಷಣ ಸುಮ್ಮನಾದ್ರು. ಕತ್ತಲಾದ್ಮೇಲೆ ಕಾಂಗರೂ ರೋಡಿಗೆ ಹಾರುತ್ತೆ, ಪ್ರಾಣಿಗೆ ಗುದ್ದಿದ್ರೆ ಕವರ್ ಇದೆಯಾ ಅಂತ ಸೈನ್ ಹಾಕೋ ಮುಂಚೆ ಕೇಳಿ. ಸೂರ್ಯಾಸ್ತ ನೋಡೋ ಆಸೆ ಇದ್ರೆ ಹತ್ರದ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲೇ ರೂಮ್ ಮಾಡಿ, ರಾತ್ರಿ ಮೆಲ್ಬರ್ನ್‌ಗೆ ಓಡ್ಸೋ ಸಾಹಸ ಬೇಡ.

ಗಾಡಿಗೆ ಐದಕ್ಕೆ ನಾಲ್ಕೂವರೆ, ಕಂಪನಿಗೆ ಮೂರು. ಪೆಟ್ರೋಲೋ ಡೀಸೆಲೋ, ಅಪೋಲೋ ಬೇನಲ್ಲೇ ಫುಲ್ ಟ್ಯಾಂಕ್ ಮಾಡಿಸ್ಕೊಳ್ಳಿ, ವಾಪಸ್ ಬರೋಕೆ ಒಳಗಿನ ಪ್ರಿನ್ಸಸ್ ಹೈವೇ ಹಿಡಿದ್ರೆ ಬೇಗ ಆಗುತ್ತೆ.