ನಾಲ್ಕು ಭಾನುವಾರ, ಹದಿನಾಲ್ಕು ಸೀನರಿ: ಮಾಟುಂಗಾದ ಲ್ಯಾಂಡ್‌ಸ್ಕೇಪ್ ಕ್ಲಾಸ್ ಹೇಗಿತ್ತು

ಸೆಪ್ಟೆಂಬರ್‌ನ ನಾಲ್ಕು ಭಾನುವಾರ ಮುಂಬೈಯ ಮಾಟುಂಗಾದಲ್ಲಿ ಒಂದು ಕ್ಲಾಸಿಗೆ ಹೋಗಿ ಬಂದೆ. ವಿಷಯ ಲ್ಯಾಂಡ್‌ಸ್ಕೇಪ್, ಅಂದರೆ ಬೆಟ್ಟ, ಹೊಳೆ, ಆಕಾಶದಂಥ ನಿಸರ್ಗ ಚಿತ್ರಗಳ ಇತಿಹಾಸ. ಬ್ರಶ್ ಹಿಡಿಯುವ ಕೆಲಸ ಕಡಿಮೆ, ಚಿತ್ರ ನೋಡುವ ಕೆಲಸ ಜಾಸ್ತಿ. ಫೀಸ್ 3,200 ರೂಪಾಯಿ, ದಿನಕ್ಕೆ ಎರಡೂವರೆ ಗಂಟೆ. ಆಫೀಸಿನಲ್ಲಿ, ಸಂಘದಲ್ಲಿ ಕೆಲವರು ಹೇಗಿತ್ತು, ಕೊಟ್ಟ ದುಡ್ಡಿಗೆ ಸರಿಹೋಯ್ತಾ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನನಗೆ ತುಂಬಾ ಇಷ್ಟವಾಯಿತು, ದೂರುಗಳೂ ಇವೆ. ಹಾಗಾಗಿ ಸ್ಟುಡಿಯೋ ಹೆಸರು ಇಲ್ಲಿ ಹಾಕುತ್ತಿಲ್ಲ.

ಮೊದಲ ದಿನ ಕೂತ ಕೂಡಲೇ ಮೇಡಂ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟು, ಐದು ನಿಮಿಷದಲ್ಲಿ ಒಂದು ಸೀನರಿ ಬಿಡಿಸಿ ಎಂದರು. ನಾವು ಹದಿನಾಲ್ಕು ಜನ. ಆಮೇಲೆ ಹಾಳೆಗಳನ್ನೆಲ್ಲ ಗೋಡೆಗೆ ಸಾಲಾಗಿ ಅಂಟಿಸಿದರು. ಹನ್ನೊಂದು ಹಾಳೆಯಲ್ಲಿ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೆ ಇಳಿದು ಬರುವ ಹೊಳೆ, ಪಕ್ಕದಲ್ಲಿ ಹೆಂಚಿನ ಮನೆ, ಮನೆಗೆ ಬಾಗಿದ ತೆಂಗಿನ ಮರ. ನನ್ನದೂ ಅದೇ. ನಾನು ಕುಂದಾಪುರದವಳು, ನಮ್ಮಲ್ಲಿ ತೆಂಗಾದರೂ ಇದೆ. ನನ್ನ ಪಕ್ಕ ಕೂತವರು ವಿಜಯಪುರದ ಒಬ್ಬ ಕಾಕಾ, ಬ್ಯಾಂಕಿನಿಂದ ರಿಟೈರ್ ಆದವರು, ಈಗ ಮಗನ ಜೊತೆ ಸಾಯನ್‌ನಲ್ಲಿ ಇದ್ದಾರೆ. ಅವರ ಹಾಳೆಯಲ್ಲೂ ತೆಂಗಿನ ಮರ. "ನಮ್ಮ ಕಡೆ ಇಂಥಾ ಗುಡ್ಡ ಎಲ್ಲಿ ಅದಾವ ತಂಗಿ, ಸಾಲ್ಯಾಗ ಹಿಂಗ ಕಲಿಸಿದ್ರು, ಹಂಗ ಬರದೆ" ಎಂದರು.

ಮೇಡಂ ತಕ್ಷಣ ಪರದೆ ಮೇಲೆ ಕ್ಲೋಡ್ ಲೊರೇನ್ ಚಿತ್ರಗಳನ್ನು ಹಾಕಿದರು. 17ನೇ ಶತಮಾನದ ಫ್ರೆಂಚ್ ಚಿತ್ರಕಾರ, ಬದುಕಿನ ಬಹುಪಾಲು ಕಳೆದದ್ದು ರೋಮ್‌ನಲ್ಲಿ. ಒಂದು ಬದಿಗೆ ಕಪ್ಪು ನೆರಳಿನ ದೊಡ್ಡ ಮರ, ನಡುವೆ ನೀರು, ದೂರದಲ್ಲಿ ನೀಲಿ ಗುಡ್ಡ, ಬಂಗಾರದ ಬೆಳಕು. ಇನ್ನೊಂದು ಚಿತ್ರ ಹಾಕಿದರು, ಅದರಲ್ಲೂ ಅದೇ ಜೋಡಣೆ. ಅವನದ್ದು ಅದ್ಭುತ ಕೈ, ಆ ಬೆಳಕು ನೋಡಿದರೆ ಗೊತ್ತಾಗುತ್ತದೆ. ಆದರೆ ಅವನ ನಂತರ ನೂರಾರು ವರ್ಷ ಯುರೋಪಿನ ಎಷ್ಟೋ ಜನ ತಮ್ಮ ಊರು ಹೇಗಿದ್ದರೂ ಇದೇ ಮರ, ಇದೇ ನೀರು, ಇದೇ ಗುಡ್ಡ ಬಿಡಿಸಿದರು. ನಮ್ಮ ಶಾಲೆಯ ಸೀನರಿಗೂ ಅವರ ಸೀನರಿಗೂ ಏನು ವ್ಯತ್ಯಾಸ ಅಂತ ಮೇಡಂ ಕೇಳಿದಾಗ ಯಾರೂ ಮಾತಾಡಲಿಲ್ಲ. ನಾಲ್ಕೂ ವಾರ ಈ ಪ್ರಶ್ನೆಯೇ ಬೇರೆ ಬೇರೆ ದಾರಿಯಲ್ಲಿ ಬಂತು: ಈ ಚಿತ್ರಕಾರ ಕಣ್ಣೆದುರಿನ ಊರು ನೋಡಿ ಬಿಡಿಸಿದನಾ, ಕಲಿತ ಪಾಠವನ್ನು ಬಿಡಿಸಿದನಾ?

ಇನ್ನೊಂದು ವಿಷಯ ನನಗೆ ಹೊಸದು. ಯುರೋಪಿನಲ್ಲಿ ಬಹಳ ಕಾಲ ಲ್ಯಾಂಡ್‌ಸ್ಕೇಪ್‌ಗೆ ಮರ್ಯಾದೆಯೇ ಇರಲಿಲ್ಲ. ಬೆಟ್ಟ, ಆಕಾಶ ಎಲ್ಲ ದೇವರ, ರಾಜರ ಬೆನ್ನ ಹಿಂದೆ ನಿಲ್ಲಬೇಕು. ಫ್ರೆಂಚ್ ಕಲಾ ಅಕಾಡೆಮಿಯಲ್ಲಿ ಚಿತ್ರಗಳಿಗೆ ಜಾತಿ ಶ್ರೇಣಿಯಂತೆ ಒಂದು ಪಟ್ಟಿ ಇತ್ತು. ಪುರಾಣ ಮತ್ತು ಚರಿತ್ರೆ ಮೇಲೆ, ಆಮೇಲೆ ವ್ಯಕ್ತಿಗಳ ಭಾವಚಿತ್ರ, ಲ್ಯಾಂಡ್‌ಸ್ಕೇಪ್ ಎಲ್ಲೋ ಕೆಳಗೆ. ಗೆದ್ದವರನ್ನು ಕಲಿಯಲು ರೋಮ್‌ಗೆ ಕಳಿಸುವ ಅವರ ದೊಡ್ಡ ಬಹುಮಾನವನ್ನು ಲ್ಯಾಂಡ್‌ಸ್ಕೇಪ್‌ಗೆ ಮೊದಲ ಸಲ ಕೊಟ್ಟದ್ದು 1817ರಲ್ಲಿ, ಅದೂ ಚಿತ್ರದಲ್ಲಿ ಒಂದು ಹಳೆಯ ಕಥೆ ಇರಲೇಬೇಕು ಎಂಬ ಷರತ್ತಿನ ಮೇಲೆ.

ಅದಕ್ಕೆ ಎಂಟುನೂರು ವರ್ಷ ಮೊದಲೇ ಚೀನಾ ಎಲ್ಲಿತ್ತು ನೋಡಿ. ಎರಡನೇ ಭಾನುವಾರ ಒಳಗೆ ಹೋದರೆ ಗೋಡೆ ಮೇಲೆ ಒಂದು ಫ್ಲೆಕ್ಸ್. ಎರಡು ಮೀಟರಿಗಿಂತ ಎತ್ತರ, ಒಂದು ಮೀಟರ್ ಅಗಲ. ಸುಮಾರು ಸಾವಿರನೇ ಇಸವಿಯ ಹೊತ್ತಿಗೆ ಫಾನ್ ಕುವಾನ್ ರೇಷ್ಮೆ ಬಟ್ಟೆ ಮೇಲೆ ಶಾಯಿಯಲ್ಲಿ ಬಿಡಿಸಿದ ಚಿತ್ರ, ಅಸಲಿ ಅಳತೆಯಲ್ಲೇ ಪ್ರಿಂಟ್ ಹಾಕಿಸಿದ್ದರು. ಮೂಲ ಚಿತ್ರ ತೈಪೆಯ ಮ್ಯೂಸಿಯಂನಲ್ಲಿದೆ. ಚೀನೀ ಭಾಷೆಯಲ್ಲಿ ಇಂಥ ಚಿತ್ರಕ್ಕೆ ಶಾನ್ ಶುಯಿ ಅನ್ನುತ್ತಾರೆ, ಅಂದರೆ ಬೆಟ್ಟ ಮತ್ತು ನೀರು. ಮೇಲಿನ ಬಹುಭಾಗ ಬರೀ ಬಂಡೆ, ಬಲಗಡೆ ಬಿರುಕಿನಿಂದ ದಾರದ ಹಾಗೆ ಇಳಿಯುವ ಜಲಪಾತ. "ಇದರಲ್ಲಿ ಮನುಷ್ಯರು ಎಲ್ಲಿದ್ದಾರೆ, ಹುಡುಕಿ" ಎಂದರು ಮೇಡಂ.

ನಾವೆಲ್ಲ ಎದ್ದು ಹತ್ತಿರ ಹೋದೆವು. ಕಾಕಾ ಕನ್ನಡಕ ಮೇಲೆ ಸರಿಸಿ ಬೆರಳು ಇಟ್ಟು ಹುಡುಕಿದರು. ತುಂಬಾ ಕೆಳಗೆ, ಬಲ ಮೂಲೆಯ ಹತ್ತಿರ, ಹೇಸರಗತ್ತೆಗಳ ಒಂದು ಸಾಲು, ಅದನ್ನು ಹೊಡೆದುಕೊಂಡು ಹೋಗುವ ಇಬ್ಬರು. ಬೆರಳ ತುದಿಯಷ್ಟು. ಆ ಸಾಲಿನ ಪಕ್ಕದ ಎಲೆಗಳ ನಡುವೆ ಚಿತ್ರಕಾರನ ಸಹಿ ಅಡಗಿದೆ. ಅದು ಸಿಕ್ಕಿದ್ದು 1958ರಲ್ಲಿ. ಒಂಬೈನೂರು ವರ್ಷ ಎಷ್ಟೋ ಜನ ಆ ಚಿತ್ರದ ಮುಂದೆ ನಿಂತಿರಬೇಕು, ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಮೊಬೈಲಿನಲ್ಲಿ ಇದೇ ಚಿತ್ರವನ್ನು ಮೊದಲು ನೋಡಿದ್ದೆ, ಬೂದು ಬಣ್ಣದ ಬೆಟ್ಟ ಅಂತ ಮುಂದೆ ಹೋಗಿದ್ದೆ. ಗೋಡೆ ಮೇಲೆ ನಮಗಿಂತ ಎತ್ತರದಲ್ಲಿ ನಿಂತಾಗ ಕುತ್ತಿಗೆ ಎತ್ತಿ ನೋಡಬೇಕಾಗುತ್ತದೆ, ಬೆಟ್ಟದ ಬುಡದಲ್ಲಿ ನಿಂತ ಹಾಗೇ ಅನ್ನಿಸುತ್ತದೆ. ಈ ಒಂದು ಗಂಟೆಗೇ ಅರ್ಧ ಫೀಸ್ ಕೊಡಬಹುದು.

ಡಚ್ಚರ ಭಾಗವೂ ಚೆನ್ನಾಗಿತ್ತು. ಲ್ಯಾಂಡ್‌ಸ್ಕೇಪ್ ಎಂಬ ಇಂಗ್ಲಿಷ್ ಮಾತೇ ಅವರ ಲಾಂಡ್‌ಸ್ಕಾಪ್‌ನಿಂದ ಬಂದದ್ದು. ಅಲ್ಲಿ ಚಿತ್ರ ಕೊಳ್ಳುವವರು ವ್ಯಾಪಾರಿಗಳು, ಅಂಗಡಿಯವರು. ಅವರಿಗೆ ತಮ್ಮ ಊರೇ ಬೇಕು. ಆ ಊರಿನಲ್ಲಿ ಬೆಟ್ಟ ಇಲ್ಲ, ಎಲ್ಲ ಸಪಾಟು. ಹಾಗಾಗಿ ಯಾಕೋಬ್ ವಾನ್ ರೌಸ್‌ಡಾಲ್ 1670ರ ಸುಮಾರಿಗೆ ಹಾರ್ಲೆಮ್ ಪಟ್ಟಣವನ್ನು ಬಿಡಿಸಿದಾಗ ನೆಲವನ್ನು ಕೆಳಗೆ ಒತ್ತಿ, ಚಿತ್ರದ ಮೂರರಲ್ಲಿ ಎರಡು ಪಾಲು ಆಕಾಶಕ್ಕೆ ಕೊಟ್ಟ. ಕೆಳಗೆ ಹುಲ್ಲಿನ ಮೇಲೆ ಬಿಳಿ ಪಟ್ಟಿಗಳು ಕಾಣುತ್ತವೆ. ಅದು ನಾರುಬಟ್ಟೆ, ಬಿಳಿ ಆಗಲಿ ಎಂದು ಬಿಸಿಲಿಗೆ ಹಾಸಿದ್ದು. ನನಗೆ ಮಹಾಲಕ್ಷ್ಮಿ ಸ್ಟೇಷನ್ ಸೇತುವೆ ಮೇಲಿಂದ ಕಾಣುವ ಧೋಬಿ ಘಾಟ್ ನೆನಪಾಯಿತು. ದಿನಾ ಎಷ್ಟೋ ಜನ ನೋಡುವ ಜಾಗ. ಹಗ್ಗದ ಮೇಲಿನ ಆ ಬಿಳಿ ಚಾದರಗಳ ಮೇಲೆ ಎಷ್ಟು ಆಕಾಶ ಇದೆ ಅಂತ ನಾನು ಒಂದು ದಿನವೂ ಗಮನಿಸಿರಲಿಲ್ಲ.

ಮೂರನೇ ವಾರ ಹೊರಗೆ ಕೆಲಸ. ದಾದರ್ ಚೌಪಾಟಿಗೆ ಕರೆದುಕೊಂಡು ಹೋದರು. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821, 1822ರಲ್ಲಿ ಲಂಡನ್ ಹತ್ತಿರದ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂತು ಬರೀ ಮೋಡ ಬಿಡಿಸಿದ್ದ, ಎಷ್ಟೋ ಹಾಳೆಗಳ ಹಿಂದೆ ತಾರೀಕು, ಗಂಟೆ, ಗಾಳಿಯ ದಿಕ್ಕು ಬರೆದಿಟ್ಟಿದ್ದ. ನಾವೂ ಹಾಗೇ ಮಾಡಬೇಕು. ಹದಿನೈದು ನಿಮಿಷ, ಒಂದು ಮೋಡ, ಹಿಂದೆ ಟೈಮ್ ಮತ್ತು ಗಾಳಿ. 300 ಜಿಎಸ್‌ಎಂನ ದಪ್ಪ ಹಾಳೆಯನ್ನು ಬೋರ್ಡಿಗೆ ಟೇಪ್ ಹಾಕಿ ಕೂತೆವು. ನೀಲಿ ಬಣ್ಣ ತೆಳುವಾಗಿ ಎಳೆದೆ. ಸಮುದ್ರದ ಗಾಳಿಗೆ ಅದು ಒಣಗುವುದೇ ಇಲ್ಲ. ಒದ್ದೆ ಇರುವಾಗಲೇ ಬೂದು ಬಣ್ಣ ಮುಟ್ಟಿಸಿದೆ, ಅದು ಹೂಕೋಸಿನ ಹಾಗೆ ಹರಡಿಕೊಂಡಿತು. ಅಷ್ಟರಲ್ಲಿ ನಾನು ಹಿಡಿದಿದ್ದ ಮೋಡ ಬಾಂದ್ರಾ ಕಡೆ ಹೊರಟುಹೋಗಿತ್ತು. ಹಾಳೆ ಹಿಂದೆ "11.40, ಪಶ್ಚಿಮದ ಗಾಳಿ" ಅಂತ ಬರೆದೆ. ಆ ಹಾಳೆ ಈಗ ಮನೆಯಲ್ಲಿ ಫ್ರಿಡ್ಜ್ ಮೇಲೆ ಅಂಟಿಸಿದ್ದೇನೆ.

ಇದೇ ಕಾನ್‌ಸ್ಟೆಬಲ್‌ನ ಹುಲ್ಲಿನ ಗಾಡಿ ಚಿತ್ರ 1821ರಲ್ಲಿ ಲಂಡನ್‌ನಲ್ಲಿ ಮಾರಾಟ ಆಗಲಿಲ್ಲ. 1824ರಲ್ಲಿ ಪ್ಯಾರಿಸ್‌ಗೆ ಹೋದಾಗ ಚಿನ್ನದ ಪದಕ ಬಂತು. ಆ ಚಿತ್ರದಲ್ಲಿ ದೇವರೂ ಇಲ್ಲ, ರಾಜನೂ ಇಲ್ಲ. ಹೊಳೆ ದಾಟುವ ಒಂದು ಗಾಡಿ, ಒಂದು ನಾಯಿ, ಮೋಡ.

ಅದೇ ದಿನ ಮರಳಿ ಬಂದ ಮೇಲೆ ಮೇಡಂ ಒಂದು ಖಾಲಿ ಬಣ್ಣದ ಟ್ಯೂಬ್ ಕತ್ತರಿಸಿ ಒಳಗೆ ತೋರಿಸಿದರು. ಮೊದಲೆಲ್ಲ ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿ ಇಡುತ್ತಿದ್ದರಂತೆ. ಚುಚ್ಚಿ ಬಣ್ಣ ತೆಗೆದ ಮೇಲೆ ಸರಿಯಾಗಿ ಮುಚ್ಚಲು ಆಗುತ್ತಿರಲಿಲ್ಲ, ಹೊರಗೆ ಒಯ್ಯುವುದು ಕಷ್ಟ. 1841ರಲ್ಲಿ ಜಾನ್ ಗೋಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬ್ ಮಾಡಿದ. ಆಮೇಲೆ ಬಣ್ಣವನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿ ಹೊಲಕ್ಕೆ, ನದಿಗೆ ಹೋಗುವುದು ಸುಲಭವಾಯಿತು. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಮತ್ತವನ ಗೆಳೆಯರು ಮಾಡಿದ್ದು ಅದೇ. ರೈಲನ್ನೇ ಬಿಡಿಸಿದವನು ಇಂಗ್ಲೆಂಡಿನ ಚಿತ್ರಕಾರ ಟರ್ನರ್, 1844ರಲ್ಲಿ. ಮಳೆಯಲ್ಲಿ ಸೇತುವೆ ಮೇಲೆ ನುಗ್ಗಿ ಬರುವ ಎಂಜಿನ್, ಅದರ ಮುಂದೆ ಹಳಿ ಮೇಲೆ ಓಡುವ ಒಂದು ಮೊಲ, ಅದು ಈಗ ಕಣ್ಣಿಗೆ ಬೀಳುವುದೇ ಕಷ್ಟ. ನಮ್ಮ ಬೋರಿಬಂದರ್–ಠಾಣೆ ರೈಲು ಶುರುವಾಗಿದ್ದು ಅದಾಗಿ ಒಂಬತ್ತು ವರ್ಷಕ್ಕೆ, 1853ರಲ್ಲಿ. ಜುಲೈ ಮಳೆಯಲ್ಲಿ ಮುಂಬ್ರಾ ಗುಡ್ಡದ ಬುಡದಲ್ಲಿ ಲೋಕಲ್ ಬಾಗಿಲ ಹತ್ತಿರ ನಿಂತವರಿಗೆ ಆ ಚಿತ್ರದ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ದೂರು. ದೊಡ್ಡದು ಮೊದಲು. ಭಾರತಕ್ಕೆ ಕೊಟ್ಟದ್ದು ಕೊನೆಯ ದಿನದ ಅರ್ಧ ಗಂಟೆ ಮಾತ್ರ. ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1786ರಲ್ಲಿ ಕಲ್ಕತ್ತಾಕ್ಕೆ ಬಂದಿಳಿದು ದೇಶ ಸುತ್ತಿ, ವಾಪಸ್ ಹೋಗಿ 1795ರಿಂದ 1808ರೊಳಗೆ 144 ಮುದ್ರಿತ ಚಿತ್ರಗಳನ್ನು ತಂದರು ಅಂತ ಚೆನ್ನಾಗಿ ಹೇಳಿದರು. ಅವರು ನಮ್ಮ ಗುಡಿ, ಕೋಟೆಗಳನ್ನೂ ಎಷ್ಟೋ ಸಲ ಅದೇ ಯುರೋಪಿನ ಜೋಡಣೆಯೊಳಗೆ ಕೂರಿಸಿದರು ಎಂಬುದು ಮೊದಲ ದಿನದ ಪ್ರಶ್ನೆಗೆ ಸರಿಯಾಗಿ ಕೂಡಿತು. ಆಮೇಲೆ ಕೊಲ್ಹಾಪುರದ ಚಿತ್ರಕಾರ ಆಬಾಲಾಲ್ ರಹಿಮಾನ್ ಮಾತು ಬಂತು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಊರಿಗೆ ಮರಳಿ, ಕೋಟಿತೀರ್ಥ ಕೆರೆಯನ್ನು ಮತ್ತೆ ಮತ್ತೆ ಬಿಡಿಸಿದವರು. ಹಳದಣಕರ್ ಅವರ ಜಲವರ್ಣವೂ ಬಂತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ವಾ, ಬಹಳ ಜನ ರವಿವರ್ಮನದ್ದು ಅಂದುಕೊಂಡಿರುವುದು, ಅದು ಇವರದ್ದೇ. ಅಲ್ಲಿಗೆ ಮುಗಿಯಿತು.

ಹೆಬ್ಬಾರರ ಹೆಸರೇ ಇಲ್ಲ! ಮುಂಬೈಯಲ್ಲಿ ಕೂತು ಕೆ.ಕೆ. ಹೆಬ್ಬಾರರನ್ನು ಬಿಟ್ಟರೆ ಹೇಗೆ? 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಇಲ್ಲಿಗೆ ಬಂದು ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿ, 1996ರಲ್ಲಿ ತೀರಿಹೋಗುವವರೆಗೆ ಈ ಊರಿನವರೇ ಆಗಿದ್ದವರು. ನಾನು ಎದ್ದು ನಿಂತು ಕೇಳಿದೆ. ಕೇಳುತ್ತಾ ವೆಂಕಟಪ್ಪನವರು ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದದ್ದು, ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಿಡಿಸಿದ್ದು ಎಲ್ಲಾ ಹೇಳಿಬಿಟ್ಟೆ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರುಗಳನ್ನು ನನ್ನ ಕೈಯಿಂದಲೇ ಬೋರ್ಡ್ ಮೇಲೆ ಬರೆಸಿದರು, ಮುಂದಿನ ಬ್ಯಾಚಿಗೆ ಭಾರತಕ್ಕೆ ಪೂರ್ತಿ ಒಂದು ದಿನ ಇಡುತ್ತೇವೆ ಎಂದರು. ಇಡಲಿ.

ಉಳಿದ ದೂರು ಸಣ್ಣವು. ಪ್ರೊಜೆಕ್ಟರ್ ಹಳೆಯದು, ಎಲ್ಲಾ ಚಿತ್ರಕ್ಕೂ ನೀಲಿ ಛಾಯೆ ಬರುತ್ತಿತ್ತು. ಬಣ್ಣದ ಬಗ್ಗೆಯೇ ಮಾತಾಡುವ ಕ್ಲಾಸಿನಲ್ಲಿ ಇದನ್ನು ಸರಿ ಮಾಡಲೇಬೇಕು. ಫೀಸಿನಲ್ಲಿ ಎಲ್ಲಾ ಸೇರಿದೆ ಎಂದು ಹೇಳಿ, ಮೂರನೇ ವಾರ ಹಾಳೆ ಮತ್ತು ಬೋರ್ಡಿಗೆ 350 ರೂಪಾಯಿ ಬೇರೆ ತೆಗೆದುಕೊಂಡರು. ಮೊದಲೇ ಹೇಳಿದ್ದರೆ ಯಾರಿಗೂ ಬೇಸರ ಇರುತ್ತಿರಲಿಲ್ಲ. ಹಾಲ್‌ನಲ್ಲಿ ಎರಡೇ ಫ್ಯಾನ್. ಮತ್ತೆ ಭಾನುವಾರ ಹನ್ನೊಂದಕ್ಕೆ ಕ್ಲಾಸ್ ಇಟ್ಟರೆ ಡೊಂಬಿವಿಲಿಯಿಂದ ಬರುವ ನನ್ನಂಥವರಿಗೆ ಮೆಗಾಬ್ಲಾಕ್ ಸಿಗುತ್ತದೆ, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ ಮಾಡುವ ಹೊತ್ತು. ಹತ್ತಕ್ಕೆ ಶುರು ಮಾಡಿ ಅಂತ ಬರೆದುಕೊಟ್ಟು ಬಂದಿದ್ದೇನೆ.

ಮಾತು ಹಿಂದಿ, ಮರಾಠಿ, ಇಂಗ್ಲಿಷ್ ಕಲಸಿ ನಡೆಯುತ್ತದೆ, ಅರ್ಥವಾಗದ್ದೇನೂ ಇಲ್ಲ. ಮೇಡಂ ಯಾವ ಪ್ರಶ್ನೆಯನ್ನೂ ಸಣ್ಣದು ಅಂತ ಬದಿಗೆ ತಳ್ಳುವುದಿಲ್ಲ. ಬರೀ ಚಿತ್ರ ಬಿಡಿಸಲು ಕಲಿಯಬೇಕು ಎನ್ನುವವರಿಗೆ ಇದು ಸಾಲದು, ಅವರು ಬೇರೆ ಕಡೆ ಸೇರಲಿ. ನೋಡುವ ಆಸೆ ಇರುವವರು ಸುಮ್ನೆ ಸೇರಿಬಿಡಿ.

ಕೊನೆಯ ದಿನದ ಕೊನೆಯ ಐದು ನಿಮಿಷಕ್ಕೆ ಮತ್ತೆ ಹಾಳೆ ಕೊಟ್ಟರು. ಮತ್ತೆ ಸೀನರಿ. ಕಾಕಾ ಬಹಳ ಹೊತ್ತು ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದ್ದರು. ಆಮೇಲೆ ಹಾಳೆಯ ಕೆಳಗೆ, ತುಂಬಾ ಕೆಳಗೆ, ಉದ್ದಕ್ಕೆ ಒಂದು ಗೆರೆ ಎಳೆದರು. ಗೆರೆಯ ಕೆಳಗೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಎರೆಮಣ್ಣು ಮಾಡಿದರು. ಎಡಗಡೆ ಒಂದೇ ಒಂದು ಬೇವಿನ ಮರ. ಮೇಲೆ ಪೂರ್ತಿ ಖಾಲಿ. "ನಮ್ಮ ಹೊಲ ಹಿಂಗ ಐತಿ ನೋಡ್ ತಂಗಿ" ಎಂದರು, "ಜ್ವಾಳ ಕೊಯ್ದ ಮ್ಯಾಲ." ಮೇಡಂ ಅದನ್ನು ಮೊದಲ ದಿನದ ತೆಂಗಿನ ಮರದ ಹಾಳೆ ಪಕ್ಕ ಅಂಟಿಸಲು ಕೇಳಿದರು. ಕಾಕಾ ಕೊಡಲಿಲ್ಲ, ಮನೆಗೆ ಒಯ್ದು ಮೊಮ್ಮಗಳಿಗೆ ತೋರಿಸಬೇಕು ಎಂದು ಮಡಿಸದೆ ಪೇಪರ್ ನಡುವೆ ಇಟ್ಟುಕೊಂಡರು.

ಮುಂದಿನ ಬ್ಯಾಚ್ ದೀಪಾವಳಿ ಆದ ಮೇಲೆ. ಹೋಗುವವರು ನೀರಿನ ಬಾಟಲಿ ಒಯ್ಯಿರಿ, ಫೀಸ್ ಕೊಡುವಾಗ ಹಾಳೆಯ ದುಡ್ಡು ಸೇರಿದೆಯಾ ಅಂತ ಕೇಳಿ, ಮತ್ತೆ ಎರಡನೇ ಭಾನುವಾರ ಮಾತ್ರ ತಪ್ಪಿಸಬೇಡಿ.