21 ಗೇರ್ ಸೈಕಲ್, ಶಿರಸಿಯ ಏರು: ವರ್ಷ ದಾಟಿದ ಮೇಲೆ

ತೂಕ, ಬಣ್ಣ, ಬ್ರೇಕ್ ಎಲ್ಲ ನೀವು ಆಗಲೇ ನೋಡಿರುತ್ತೀರಿ. ನಾನು ಬರೆಯೋದು ಗೇರ್ ಬಗ್ಗೆ ಮಾತ್ರ. ಹದಿನೈದು ಸಾವಿರದೊಳಗೆ ಮುಗಿಸಬೇಕಿತ್ತು, ದಿನಾ ಆಫೀಸಿಗೆ ಹೋಗಿಬರಬೇಕಿತ್ತು. ಚೈನ್ ಕೂರುವ ಹಲ್ಲಿನ ಚಕ್ರ ಮುಂದೆ ಮೂರು, ಹಿಂದೆ ಏಳು ಇರುವ ಸಾದಾ ಸೈಕಲ್ ತಗೊಂಡೆ. ಶಿರಸಿಯಲ್ಲಿ ಸಪಾಟು ರಸ್ತೆ ಎಷ್ಟಿದೆ ಹೇಳಿ? ಅಪ್ಪ ಗೇರ್ ಇಲ್ಲದ ಸೈಕಲ್‌ನಲ್ಲೇ ಓಡಾಡಿದವರು. ಏರು ಬಂದರೆ ಇಳಿದು ತಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಬೇಕಾದ ನನಗೆ ಅದು ಆಗದ ಮಾತು.

ಮೊದಲು ಬೇಸರದ ವಿಷಯ. ಅಂಗಡಿಯವರು ಸೈಕಲ್ ಜೋಡಿಸಿ, ಗಾಳಿ ಹಾಕಿ, ಕೈಗೆ ಕೊಟ್ಟರು. ಗೇರ್ ಯಾವಾಗ ಹಾಕಬೇಕು, ಹೇಗೆ ಹಾಕಬೇಕು ಅಂತ ಒಂದು ಮಾತಿಲ್ಲ. ಜೊತೆಗೆ ಬಂದ ಪುಸ್ತಕದಲ್ಲೂ ಇಲ್ಲ. ಹೊಸ ಗೇರ್ ಕೇಬಲ್ ಸ್ವಲ್ಪ ದಿನಕ್ಕೇ ಸಡಿಲ ಆಗುತ್ತದೆ. ಆಮೇಲೆ ಚೈನ್ ಎರಡು ಚಕ್ರದ ನಡುವೆ ಕಟಕಟ ಅನ್ನುತ್ತಾ ಹಾರುತ್ತದೆ. ಏರಿನಲ್ಲಿ ಹಾಗಾದರೆ ಪೆಡಲ್ ತಟ್ಟನೆ ಜಾರಿ ಜೀವ ಬಾಯಿಗೆ ಬರುತ್ತದೆ. ಇದಕ್ಕೆ ಪರಿಹಾರ ಕೇಬಲ್ ತುದಿಯಲ್ಲಿರುವ ಪುಟ್ಟ ತಿರುಪು. ಕೆಲವದರಲ್ಲಿ ಶಿಫ್ಟರ್ (ಗೇರ್ ಬದಲಿಸುವ ಹಿಡಿಕೆ) ಬುಡದಲ್ಲಿರುತ್ತದೆ, ಕೆಲವದರಲ್ಲಿ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹತ್ತಿರ. ಚೈನ್ ದೊಡ್ಡ ಚಕ್ರಕ್ಕೆ ಹತ್ತಲು ಒಲ್ಲೆ ಅಂದರೆ ಆ ತಿರುಪು ಹೊರಗೆ ಬರುವ ಹಾಗೆ ಕಾಲು ಸುತ್ತು ತಿರುಗಿಸಿ. ಕೇಬಲ್ ಬಿಗಿ ಆಗುತ್ತದೆ. ಪಾನಾ ಬೇಡ, ಬೆರಳು ಸಾಕು. ಇಷ್ಟನ್ನು ಹೇಳಿಕೊಡಲು ಅಂಗಡಿಯವರಿಗೆ ಎರಡು ನಿಮಿಷ ಸಾಕಿತ್ತು.

ಹೇಳಿಕೊಟ್ಟವರು ಪೇಟೆಯ ಹಳೇ ರಿಪೇರಿಯವರೊಬ್ಬರು. "ಏರು ಹತ್ತಿದ ಮೇಲೆ ಗೇರ್ ಹಾಕೂದಲ್ಲ ತಮಾ, ಏರು ಕಂಡ ಕೂಡ್ಲೆ ಹಾಕು" ಅಂದರು. ಈ ಸೈಕಲ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಈಗ ತಿರುವು ದಾಟಿ ಏರು ಕಾಣುತ್ತಿದ್ದ ಹಾಗೆ ಬಲಗೈ ಸಿದ್ಧ ಆಗುತ್ತದೆ. ಕಾಲು ನಿಲ್ಲಿಸಬಾರದು, ತುಳಿಯುವ ಭಾರ ಮಾತ್ರ ಅರ್ಧ ಸುತ್ತು ಹಗುರ ಮಾಡಬೇಕು. ಅದೇ ಗಳಿಗೆಯಲ್ಲಿ ಹಿಡಿಕೆ ಒಂದು ಹೆಜ್ಜೆ ತಿರುಗಿಸಬೇಕು. ಟಕ್ ಅಂತ ಒಂದೇ ಸದ್ದು, ಚೈನ್ ಪಕ್ಕದ ಚಕ್ರಕ್ಕೆ ಕೂತುಬಿಡುತ್ತದೆ. ಸೈಕಲ್ ನಿಧಾನ ಆಗುತ್ತದೆ, ಕಾಲಿನ ಲಯ ಮಾತ್ರ ಹಾಗೇ ಇರುತ್ತದೆ. ಗೇರ್ ಇರುವುದು ಜೋರಾಗಿ ಹೋಗಲಿಕ್ಕೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದು ಮಂಡಿ ಉಳಿಸಲಿಕ್ಕೆ. ನಿಮಿಷಕ್ಕೆ 70–80 ಸುತ್ತು ತುಳಿಯುತ್ತಾ ಹೋದರೆ ಆಫೀಸು ಮುಟ್ಟಿದಾಗ ತೊಡೆ ನಡುಗುವುದಿಲ್ಲ.

ಲೆಕ್ಕ ಬೇಕಾದವರಿಗೆ: ನನ್ನದರಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28. 42ಕ್ಕೆ 14 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿ ಮೂರು ಸುತ್ತು, ಅಂದರೆ ಸುಮಾರು ಆರು ಮೀಟರ್. 24ಕ್ಕೆ 28 ಹಾಕಿದರೆ ಗಾಲಿ ಪೂರ್ತಿ ಒಂದು ಸುತ್ತೂ ಬರಲ್ಲ, ಎರಡು ಮೀಟರ್‌ಗಿಂತ ಕಡಿಮೆ. ಆದರೆ 42ಕ್ಕೆ 28 ಹಾಕಿದರೂ 24ಕ್ಕೆ 16 ಹಾಕಿದರೂ ಬರುವುದು ಅದೇ ಒಂದೂವರೆ ಸುತ್ತು! 21 ಅಂತ ದೊಡ್ಡದಾಗಿ ಬರೆಯುತ್ತಾರೆ, ಬೇರೆ ಬೇರೆ ಅನ್ನಿಸುವುದು ಅದಕ್ಕಿಂತ ಎಷ್ಟೋ ಕಡಿಮೆ. ಮುಂದೆ ದೊಡ್ಡದು, ಹಿಂದೆಯೂ ದೊಡ್ಡದು ಹಾಕಿದರೆ ಚೈನ್ ಓರೆಯಾಗಿ ಎಳೆಯುತ್ತದೆ, ಬೇಗ ಸವೆಯುತ್ತದೆ. ನಾನು ಮುಂದಿನದನ್ನು ನಡುವಿನಲ್ಲೇ ಬಿಟ್ಟು ಹಿಂದಿನ ಏಳರಲ್ಲೇ ದಿನ ಕಳೆಯುತ್ತೇನೆ. ಮುಂದಿನ ಸಣ್ಣದು ಬೇಕಾಗುವುದು ತೀರಾ ಕಡಿದಾದ ಏರಿಗೆ ಮಾತ್ರ.

ಐದು ರಸ್ತೆ ಸರ್ಕಲ್ ಹತ್ತಿರ ಬಂದಾಗ ನಿಲ್ಲುವ ಮೊದಲೇ ಹಗುರ ಗೇರ್‌ಗೆ ಇಳಿಸಿಬಿಡಿ. ಪೆಡಲ್ ತಿರುಗದೆ ಈ ಗೇರ್ ಬದಲಾಗುವುದಿಲ್ಲ. ನಿಂತ ಮೇಲೆ ಹಿಡಿಕೆ ತಿರುವಿದರೆ ಏನೂ ಆಗಲ್ಲ, ಹೊರಡುವಾಗ ಕಟಕಟ ಅಷ್ಟೇ. ಮಾರಿ ಜಾತ್ರೆಯ ಗದ್ದಲದಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಸಂಜೆ ಮನೆಗೆ ಬಂದ ಮೇಲೆ ಜಗಲಿಯಲ್ಲಿ ಸೈಕಲ್ ಒರಗಿಸಿ, ಹಳೇ ಪಂಚೆ ತುಂಡಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತೇನೆ. ಕೆಂಪು ರಾಡಿ ಬಟ್ಟೆಗೆ ಬರುತ್ತದೆ. ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ, ಸ್ವಲ್ಪ ಬಿಟ್ಟು ಹೆಚ್ಚಾದದ್ದನ್ನು ಮತ್ತೆ ಒರೆಸುವುದು. ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ, ಈ ಕೆಲಸ ನನಗೆ ತುಂಬಾ ಇಷ್ಟ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಾಕಬೇಡಿ. ನಮ್ಮ ಚಳಿಗೆ ಅದು ಗಟ್ಟಿಯಾಗುತ್ತದೆ. ಚೈನಿಗೆ ಅಂತಲೇ ಸಿಗುವ ಎಣ್ಣೆ ತನ್ನಿ.

ಮುಂದಿನ ಡಿರೇಲರ್ ಮೇಲೆ ಮಾತ್ರ ನನಗೆ ಇನ್ನೂ ಸಮಾಧಾನ ಇಲ್ಲ. ಎಷ್ಟು ಸರಿಮಾಡಿದರೂ ಯಾವುದಾದರೂ ಒಂದು ಗೇರ್‌ನಲ್ಲಿ ಚೈನ್ ತಾಗಿ ಕರಕರ ಅನ್ನುತ್ತದೆ. ದುಡ್ಡು ಜಾಸ್ತಿ ಹಾಕುವ ಹಾಗಿದ್ದರೆ ಮುಂದೆ ಒಂದೇ ಚಕ್ರ ಇದ್ದು ಹಿಂದೆ ಹೆಚ್ಚು ಹಲ್ಲಿನ ದೊಡ್ಡ ಚಕ್ರ ಇರುವ ಸೈಕಲ್ ತಗೊಳ್ಳುತ್ತಿದ್ದೆ. ನನ್ನ ಬಜೆಟ್ಟಿನಲ್ಲಿ ಮಾತ್ರ ಇದನ್ನೇ ಮತ್ತೆ ಕೊಳ್ಳುತ್ತೇನೆ. ನೀವು ಕೊಳ್ಳುವಾಗ ದುಡ್ಡು ಕೊಡುವ ಮೊದಲು ಹಿಂದಿನ ಗಾಲಿ ಎತ್ತಿ ಹಿಡಿಯಲು ಹೇಳಿ, ಪೆಡಲ್ ತಿರುಗಿಸುತ್ತಾ ಏಳೂ ಗೇರ್ ಹತ್ತಿಸಿ ಇಳಿಸಿ ನೋಡಿ. ಒಂದರಲ್ಲಿ ಕಟಕಟ ಕೇಳಿದರೂ ಅಲ್ಲೇ ಸರಿಮಾಡಿಸಿಕೊಳ್ಳಿ.